ಗೃಹಸಾಲ ವರ್ಗಾವಣೆಯಲ್ಲಿ ಆಸ್ತಿ ಮೌಲ್ಯಮಾಪನದ ಮರುಪರಿಶೀಲನೆ

ಗೃಹಸಾಲ ವರ್ಗಾವಣೆಯಲ್ಲಿ ಆಸ್ತಿ ಮೌಲ್ಯಮಾಪನದ ಮರುಪರಿಶೀಲನೆ ಎಂದರೆ, ಒಂದು ಬ್ಯಾಂಕಿನಲ್ಲಿರುವ ಗೃಹಸಾಲವನ್ನು ಕಡಿಮೆ ಬಡ್ಡಿಯ ಇನ್ನೊಂದು ಬ್ಯಾಂಕಿಗೆ ವರ್ಗಾಯಿಸುವಾಗ ಹೊಸ ಬ್ಯಾಂಕಿನ ಮೌಲ್ಯಮಾಪಕರು ಮನೆಗೆ ನಿರೀಕ್ಷೆಗಿಂತ ಕಡಿಮೆ ಬೆಲೆ ಕಟ್ಟಿದಾಗ, ಆ ಅಂದಾಜನ್ನು ಪುನಃ ಪರಿಶೀಲಿಸುವಂತೆ ಸಾಲಗಾರರು ದಾಖಲೆಗಳ ಸಹಿತ ಕೋರುವ ಪ್ರಕ್ರಿಯೆ. ಭಾರತದಲ್ಲಿ ಇದಕ್ಕೆ ಪ್ರತ್ಯೇಕ ಕಾಯ್ದೆಯಾಗಲಿ ನಿಗದಿತ ಅರ್ಜಿ ನಮೂನೆಯಾಗಲಿ ಇಲ್ಲ. ಬ್ಯಾಂಕುಗಳ ಆಂತರಿಕ ನೀತಿ, ಭಾರತೀಯ ರಿಸರ್ವ್ ಬ್ಯಾಂಕಿನ ಸಾಮಾನ್ಯ ನಿರ್ದೇಶನಗಳು ಹಾಗೂ ರಾಜ್ಯದ ಭೂದಾಖಲೆ ವ್ಯವಸ್ಥೆ ಇವುಗಳ ನಡುವೆ ಈ ಪ್ರಕ್ರಿಯೆ ನಡೆಯುತ್ತದೆ. ಈ ಲೇಖನವು ವಿಷಯವನ್ನು ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಹಿನ್ನೆಲೆಯಲ್ಲಿ ವಿವರಿಸುತ್ತದೆ. ಈ ಭಾಗದಲ್ಲಿ ಮೌಲ್ಯ ಕಡಿಮೆಯಾಗಲು ಮನೆಯ ಸ್ಥಿತಿಗಿಂತ ಮನೆಯ ಕಾಗದಪತ್ರಗಳೇ ಕಾರಣವಾಗುವುದು ಹೆಚ್ಚು.

ಹಿನ್ನೆಲೆ

ಸಾಲದ ಅವಧಿಯಲ್ಲಿ ಬದಲಾಗುವ ಬಡ್ಡಿದರದ, ಅಂದರೆ ಫ್ಲೋಟಿಂಗ್ ದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಅಂದಿನಿಂದ ಸಾಲವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಒಯ್ಯುವುದು ಸುಲಭವಾಯಿತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳು ರೆಪೊ ದರದಂತಹ ಬಾಹ್ಯ ಮಾನದಂಡಕ್ಕೆ ಜೋಡಣೆಯಾದವು. ಇದರಿಂದ ಹಳೆಯ ಸಾಲದ ಬಡ್ಡಿಗೂ ಹೊಸ ಸಾಲದ ಬಡ್ಡಿಗೂ ಇರುವ ವ್ಯತ್ಯಾಸ ಸಾಲಗಾರರ ಕಣ್ಣಿಗೆ ಸ್ಪಷ್ಟವಾಗಿ ಬೀಳತೊಡಗಿತು.

ಹೊಸ ಬ್ಯಾಂಕು ಮಾತ್ರ ಹಳೆಯ ಬ್ಯಾಂಕಿನ ಮೌಲ್ಯಮಾಪನವನ್ನು ಒಪ್ಪುವುದಿಲ್ಲ. ತನ್ನ ಪಟ್ಟಿಯಲ್ಲಿರುವ ಮೌಲ್ಯಮಾಪಕರಿಂದ ಹೊಸ ವರದಿ ತರಿಸುತ್ತದೆ. ಆಸ್ತಿಯ ಮೌಲ್ಯಕ್ಕೆ ಹೋಲಿಸಿದರೆ ಎಷ್ಟರ ಮಟ್ಟಿಗೆ ಸಾಲ ನೀಡಬಹುದು ಎಂಬುದಕ್ಕೆ ರಿಸರ್ವ್ ಬ್ಯಾಂಕು ಮಿತಿ ಹಾಕಿದೆ: 30 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಶೇ. 90, ಅದಕ್ಕೆ ಮೇಲ್ಪಟ್ಟು 75 ಲಕ್ಷದವರೆಗೆ ಶೇ. 80, 75 ಲಕ್ಷಕ್ಕಿಂತ ಹೆಚ್ಚಿನದಕ್ಕೆ ಶೇ. 75. ಬಾಕಿ ಸಾಲ ಈ ಮಿತಿಯೊಳಗೆ ಬರದಿದ್ದರೆ ಸಾಲಗಾರರು ಕೊರತೆಯ ಮೊತ್ತವನ್ನು ಕೈಯಿಂದ ತುಂಬಬೇಕು, ಇಲ್ಲವೇ ಹೆಚ್ಚಿನ ಬಡ್ಡಿಯ ಹಳೆಯ ಸಾಲದಲ್ಲೇ ಮುಂದುವರಿಯಬೇಕು. ಹದಿನೈದು ವರ್ಷ ಬಾಕಿ ಇರುವ ಸಾಲದಲ್ಲಿ ಅರ್ಧ ಶೇಕಡಾ ಬಡ್ಡಿಯ ವ್ಯತ್ಯಾಸವೂ ಲಕ್ಷಗಳ ಲೆಕ್ಕಕ್ಕೆ ಬರುವುದರಿಂದ, ಮೌಲ್ಯಮಾಪನ ವರದಿಯ ಒಂದು ಅಂಕಿ ಕುಟುಂಬದ ತಿಂಗಳ ಖರ್ಚುವೆಚ್ಚವನ್ನೇ ಪ್ರಭಾವಿಸಬಲ್ಲದು. ಬಾಕಿ ಸಾಲ ಮಿತಿಗಿಂತ ಬಹಳ ಕೆಳಗಿದ್ದರೆ ಮೌಲ್ಯ ಸ್ವಲ್ಪ ತಗ್ಗಿದರೂ ಸಾಲದ ಮಂಜೂರಾತಿಗೆ ತೊಂದರೆಯಿಲ್ಲ. ಅಂತಹ ಸಂದರ್ಭದಲ್ಲಿ ಮರುಪರಿಶೀಲನೆ ಕೋರಿ ಸಮಯ ಕಳೆಯುವುದರಿಂದ ಪ್ರಯೋಜನವೂ ಇಲ್ಲ.

ಮೌಲ್ಯ ನಿರ್ಧಾರದ ವಿಧಾನ

ಸ್ವತಂತ್ರ ಮನೆಗಳಿಗೆ ಸಾಮಾನ್ಯವಾಗಿ ನಿವೇಶನ ಮತ್ತು ಕಟ್ಟಡಗಳನ್ನು ಬೇರೆ ಬೇರೆಯಾಗಿ ಅಂದಾಜಿಸಿ ಕೂಡಿಸಲಾಗುತ್ತದೆ. ನಿವೇಶನಕ್ಕೆ ಆಸುಪಾಸಿನ ಇತ್ತೀಚಿನ ಮಾರಾಟಗಳ ದರ ಆಧಾರ. ಕಟ್ಟಡಕ್ಕೆ ಇಂದು ಅದನ್ನು ಹೊಸದಾಗಿ ಕಟ್ಟಲು ತಗಲುವ ವೆಚ್ಚದಿಂದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆಯಲಾಗುತ್ತದೆ. ಅಪಾರ್ಟ್‌ಮೆಂಟುಗಳಿಗೆ ಚದರ ಅಡಿಯ ಒಟ್ಟು ದರವನ್ನೇ ಬಳಸುವುದು ರೂಢಿ.

ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. 30×40 ಅಡಿಯ, ಅಂದರೆ 1,200 ಚದರ ಅಡಿಯ ನಿವೇಶನಕ್ಕೆ ಚದರ ಅಡಿಗೆ 3,000 ರೂಪಾಯಿಯಂತೆ 36 ಲಕ್ಷ ರೂಪಾಯಿ. ಅದರಲ್ಲಿ 1,000 ಚದರ ಅಡಿಯ ಆರ್‌ಸಿಸಿ ಮನೆಗೆ 1,800 ರೂಪಾಯಿಯಂತೆ 18 ಲಕ್ಷ. ಕಟ್ಟಡದ ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಮೌಲ್ಯ ಶೇ. 10 ಎಂದು ಇಟ್ಟುಕೊಂಡರೆ 20 ವರ್ಷದ ಮನೆಗೆ ಶೇ. 30 ಸವಕಳಿ; ಕಟ್ಟಡದ ಮೌಲ್ಯ 12.6 ಲಕ್ಷ, ಒಟ್ಟು 48.6 ಲಕ್ಷ. ಇದರ ಶೇ. 80 ಅಂದರೆ 38.88 ಲಕ್ಷ, ಬಾಕಿ ಸಾಲ 38 ಲಕ್ಷವಿದ್ದರೆ ವರ್ಗಾವಣೆ ಸಾಧ್ಯ. ಮೌಲ್ಯಮಾಪಕರು ಮನೆಯ ವಯಸ್ಸನ್ನು 30 ವರ್ಷವೆಂದು ಬರೆದು, ನಿವೇಶನದ ದರವನ್ನು 2,700 ರೂಪಾಯಿಗೆ ಇಳಿಸಿದರೆ ಒಟ್ಟು ಮೌಲ್ಯ 42.3 ಲಕ್ಷವಾಗುತ್ತದೆ, ಸಾಲದ ಮಿತಿ 33.84 ಲಕ್ಷಕ್ಕೆ ಕುಸಿಯುತ್ತದೆ. ಸಾಲಗಾರರು 4.16 ಲಕ್ಷ ರೂಪಾಯಿ ಹೊಂದಿಸಬೇಕಾಗುತ್ತದೆ. ಈ ಎರಡು ಬದಲಾವಣೆಗಳು ಒಂದೇ ಬಗೆಯವಲ್ಲ ಎಂಬುದನ್ನು ಗಮನಿಸಬೇಕು. ವಯಸ್ಸು ವಾಸ್ತವಾಂಶ, ದಾಖಲೆಯಿಂದ ಸರಿಪಡಿಸಬಹುದಾದ ತಪ್ಪು. ದರ ಮೌಲ್ಯಮಾಪಕರ ಅಭಿಪ್ರಾಯ. ಅದನ್ನು ಅಲುಗಿಸಲು ಮಾರಾಟದ ಪುರಾವೆಗಳು ಬೇಕು.

ವರದಿಯಲ್ಲಿ ಮಾರುಕಟ್ಟೆ ಮೌಲ್ಯದ ಜೊತೆಗೆ, ತುರ್ತಾಗಿ ಮಾರಿದರೆ ಸಿಗಬಹುದಾದ ಕಡಿಮೆ ಮೌಲ್ಯವನ್ನೂ ನಮೂದಿಸುವ ಪದ್ಧತಿಯಿದೆ. ಶಾಖೆಯಲ್ಲಿ ಬಾಯಿಮಾತಿನಲ್ಲಿ ತಿಳಿಸಿದ ಅಂಕಿ ಇವುಗಳಲ್ಲಿ ಯಾವುದು ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು.

ಮೌಲ್ಯಮಾಪಕರ ಅರ್ಹತೆಗೆ ಎರಡು ಮೂಲಗಳಿವೆ. 1957ರ ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ಕಲಮಿನಡಿ ನೋಂದಾಯಿತರಾದವರನ್ನು ಬ್ಯಾಂಕುಗಳು ಬಹುಕಾಲದಿಂದ ಪಟ್ಟಿಗೆ ಸೇರಿಸಿಕೊಳ್ಳುತ್ತ ಬಂದಿವೆ. 2015ರ ಬಜೆಟ್ಟಿನಲ್ಲಿ ಆ ತೆರಿಗೆಯೇ ರದ್ದಾದರೂ ನೋಂದಣಿಗೆ ಬೆಲೆ ಉಳಿದುಕೊಂಡಿತು. ಇನ್ನೊಂದು, 2013ರ ಕಂಪನಿಗಳ ಕಾಯ್ದೆಯ 247ನೇ ಕಲಮು ಮತ್ತು 2017ರ ನಿಯಮಗಳ ಪ್ರಕಾರ ಭಾರತೀಯ ದಿವಾಳಿತನ ಮತ್ತು ಋಣಶೋಧನಾ ಮಂಡಳಿಯಲ್ಲಿ ನಡೆಯುವ ನೋಂದಣಿ. ಮೌಲ್ಯಮಾಪಕರಿಗೆ ಆ ಆಸ್ತಿಯಲ್ಲಿ ಪ್ರತ್ಯಕ್ಷ ಅಥವಾ ಪರೋಕ್ಷ ಹಿತಾಸಕ್ತಿ ಇರಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ.

ಮಾರ್ಗಸೂಚಿ ಬೆಲೆ ಮತ್ತು ಮಾರುಕಟ್ಟೆ ಬೆಲೆ

1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಮಿನಂತೆ ಕೇಂದ್ರ ಮೌಲ್ಯಮಾಪನ ಸಮಿತಿಯು ಪ್ರತಿ ಪ್ರದೇಶಕ್ಕೆ ಮಾರ್ಗಸೂಚಿ ಬೆಲೆ ನಿಗದಿಪಡಿಸುತ್ತದೆ. ಇದು ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕದ ಲೆಕ್ಕಕ್ಕಾಗಿ ಇರುವ ದರವೇ ಹೊರತು ಮನೆಯ ಮಾರಾಟ ಬೆಲೆಯಲ್ಲ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರಗಳು ಜಾರಿಗೆ ಬಂದವು. ಆದರೂ ಅನೇಕ ಬಡಾವಣೆಗಳಲ್ಲಿ ವ್ಯವಹಾರ ನಡೆಯುವ ಬೆಲೆ ಇದಕ್ಕಿಂತ ಮೇಲಿರುತ್ತದೆ.

ಕಡಿಮೆ ಮೌಲ್ಯಮಾಪನದ ಬೇರು ಬಹಳಷ್ಟು ಸಲ ಇಲ್ಲಿಯೇ ಇದೆ. ಕೊಳ್ಳುವವರು ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯನ್ನಷ್ಟೇ ಬರೆಸಿ ಉಳಿದ ಹಣವನ್ನು ದಾಖಲೆಯ ಹೊರಗೆ ಕೊಡುವ ರೂಢಿ ರಾಜ್ಯದ ಎಲ್ಲೆಡೆಯಂತೆ ಈ ಭಾಗದಲ್ಲೂ ಇದೆ. ಮೌಲ್ಯಮಾಪಕರು ಹೋಲಿಕೆಗೆಂದು ನೋಂದಾಯಿತ ಮಾರಾಟಗಳನ್ನು ತೆಗೆದಾಗ ಕಾಣುವುದು ಆ ಕಡಿಮೆ ಬೆಲೆಗಳೇ. ಹೀಗೆ ಒಬ್ಬರು ಉಳಿಸಿದ ಶುಲ್ಕದ ಹೊರೆ ಕೆಲವು ವರ್ಷಗಳ ಬಳಿಕ ಅದೇ ಓಣಿಯ ಇನ್ನೊಬ್ಬರ ಮೇಲೆ, ಕೆಲವೊಮ್ಮೆ ಉಳಿಸಿದವರ ಮೇಲೆಯೇ, ಬೀಳುತ್ತದೆ. ನಗದಾಗಿ ಕೊಟ್ಟ ಹಣವನ್ನು ಮುಂದಿಟ್ಟು ಮೌಲ್ಯ ಹೆಚ್ಚಿಸುವಂತೆ ಕೇಳಲು ಯಾರಿಗೂ ಸಾಧ್ಯವಿಲ್ಲ.

ಬೆಳಗಾವಿ ನಗರದಲ್ಲಿ

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ಕಾಲದ ಸಿಟಿ ಸರ್ವೆ ಪದ್ಧತಿ ಇಂದಿಗೂ ಉಳಿದಿರುವುದರಿಂದ ಹಳೆಯ ನಗರದ ಒಂದೇ ಮನೆಗೆ ಸಿ.ಟಿ.ಎಸ್. ಸಂಖ್ಯೆ, ಮಹಾನಗರ ಪಾಲಿಕೆಯ ಮನೆ ಸಂಖ್ಯೆ ಎಂದು ಎರಡು ಗುರುತುಗಳಿರುತ್ತವೆ. ಕೃಷಿಭೂಮಿ ಬಡಾವಣೆಯಾದ ಕಡೆಗಳಲ್ಲಿ ಆರ್.ಎಸ್. ಸಂಖ್ಯೆ, ಅಂದರೆ ಮರು ಸರ್ವೆ ಸಂಖ್ಯೆಯೂ ಸೇರುತ್ತದೆ. ಈ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ, ಅಥವಾ ಆಸ್ತಿ ಕಾರ್ಡಿನಲ್ಲಿರುವ ವಿಸ್ತೀರ್ಣಕ್ಕೂ ಕ್ರಯಪತ್ರದ ವಿಸ್ತೀರ್ಣಕ್ಕೂ ವ್ಯತ್ಯಾಸವಿದ್ದಾಗ, ಮೌಲ್ಯಮಾಪಕರು ಎರಡರಲ್ಲಿ ಕಡಿಮೆಯಾದುದನ್ನು ಹಿಡಿಯುತ್ತಾರೆ. ಹಳೆಯ ಪತ್ರಗಳು ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ ಇರುತ್ತವೆ. ಅವುಗಳ ದೃಢೀಕೃತ ಅನುವಾದವನ್ನು ಮೊದಲೇ ಒದಗಿಸಿದರೆ ವಿಳಂಬ ತಪ್ಪುತ್ತದೆ.

ವರ್ಗಾವಣೆ ಪ್ರಕರಣಗಳಲ್ಲಿ ಇನ್ನೊಂದು ತೊಡಕಿದೆ. ಮೂಲಪತ್ರಗಳು ಹಳೆಯ ಬ್ಯಾಂಕಿನ ವಶದಲ್ಲಿರುವುದರಿಂದ ಹೊಸ ಬ್ಯಾಂಕಿನ ಮೌಲ್ಯಮಾಪಕರು ನೆರಳಚ್ಚು ಪ್ರತಿಗಳನ್ನು ನೋಡಿಯೇ ವರದಿ ಬರೆಯಬೇಕಾಗುತ್ತದೆ. ಮಸುಕಾದ ಪ್ರತಿಯಲ್ಲಿ ಅಳತೆಯ ಒಂದು ಅಂಕಿ ಅಳಿಸಿಹೋದರೂ ಲೆಕ್ಕ ಬದಲಾಗುತ್ತದೆ. ಮಂಜೂರಾದ ನಕ್ಷೆಯ ಪ್ರತಿ ಸಿಗದಿದ್ದರೆ ತೊಂದರೆ ಇನ್ನೂ ಹೆಚ್ಚು. ದೆಹಲಿ ಉಚ್ಚ ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ ರಿಸರ್ವ್ ಬ್ಯಾಂಕು 2006ರಲ್ಲಿ ಹೊರಡಿಸಿದ ಸೂಚನೆಯ ನಂತರ ಬ್ಯಾಂಕುಗಳು ಮಂಜೂರಾದ ನಕ್ಷೆಯನ್ನು ಕಡ್ಡಾಯವಾಗಿ ನೋಡುತ್ತವೆ. ಅನುಮತಿಯಿಲ್ಲದೆ ಏರಿಸಿದ ಮೇಲಂತಸ್ತು ಎಷ್ಟೇ ಚೆನ್ನಾಗಿದ್ದರೂ ಲೆಕ್ಕದಿಂದ ಹೊರಗುಳಿಯುತ್ತದೆ.

ಬಡಾವಣೆಯಿಂದ ಬಡಾವಣೆಗೆ ಪರಿಸ್ಥಿತಿ ಬೇರೆ. ರಾಮತೀರ್ಥ ನಗರದಂತಹ, ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ (ಬುಡಾ) ರೂಪಿಸಿದ ಬಡಾವಣೆಗಳಲ್ಲಿ ನಿವೇಶನಗಳ ಅಳತೆ ಏಕರೂಪವಾಗಿದ್ದು ಹೋಲಿಕೆಯ ಮಾರಾಟಗಳು ಸುಲಭವಾಗಿ ದೊರೆಯುತ್ತವೆ. ಶಹಾಪುರ, ವಡಗಾವಿ, ಖಾಸಬಾಗಗಳ ನೇಕಾರರ ಓಣಿಗಳಲ್ಲಿ ಮನೆಗಳು ಕಿರಿದಾದ ಮುಂಭಾಗ, ನೆರೆಮನೆಯೊಂದಿಗೆ ಹಂಚಿಕೊಂಡ ಗೋಡೆ ಮತ್ತು ಒಳಗೇ ನಡೆಯುವ ಮಗ್ಗಗಳಿಂದ ಕೂಡಿರುತ್ತವೆ. ಮಗ್ಗವಿರುವ ಭಾಗವನ್ನು ವಸತಿಯೇತರ ಬಳಕೆ ಎಂದು ಪರಿಗಣಿಸಿದರೆ ಗೃಹಸಾಲದ ಲೆಕ್ಕವೇ ಬದಲಾಗುತ್ತದೆ. ತಿಳಕವಾಡಿಯ ಅಗಲ ರಸ್ತೆಯ ಮಾರಾಟವನ್ನು ಇಂತಹ ಓಣಿಗೆ ಹೋಲಿಸಿ ಹೆಚ್ಚಿನ ಬೆಲೆ ಕೇಳುವುದು ಅರ್ಜಿಯನ್ನು ದುರ್ಬಲಗೊಳಿಸುತ್ತದೆಯೇ ಹೊರತು ಬಲಪಡಿಸುವುದಿಲ್ಲ.

ದಂಡು ಪ್ರದೇಶದ ಹಳೆಯ ಬಂಗಲೆಗಳಲ್ಲಿ ಕೆಲವು ‘ಓಲ್ಡ್ ಗ್ರಾಂಟ್’ ಷರತ್ತಿನವು: ಕಟ್ಟಡದ ಹಕ್ಕು ನಿವಾಸಿಯದು, ಭೂಮಿ ಸರ್ಕಾರದ್ದು. ಇಂತಹ ಆಸ್ತಿಯ ಮೌಲ್ಯ ಕಡಿಮೆಯಾಗುವುದು ಮೌಲ್ಯಮಾಪಕರ ತಪ್ಪಲ್ಲ, ಹಕ್ಕಿನ ಸ್ವರೂಪದ ಫಲ. ಬಳ್ಳಾರಿ ನಾಲೆಯ ಆಸುಪಾಸಿನಲ್ಲಿ ನೆರೆಯ ಭೀತಿಯೂ ಲೆಕ್ಕಕ್ಕೆ ಬರುತ್ತದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ನಗರದ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು.

ಕೃಷಿಭೂಮಿಯನ್ನು ಪರಿವರ್ತಿಸದೆ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ನಿವೇಶನಗಳು (ಒಂದು ಗುಂಟೆ ಎಂದರೆ 1,089 ಚದರ ಅಡಿ) ನಗರದ ಅಂಚಿನಲ್ಲಿ ಬಹಳಷ್ಟಿವೆ. ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಇಂತಹ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ನೀಡುವ ಅಭಿಯಾನವನ್ನು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಆರಂಭಿಸಿತು. ಬಿ-ಖಾತಾ ತೆರಿಗೆಯ ದಾಖಲೆಯಾಗಿ ಉಪಯುಕ್ತ. ಆದರೆ ಅದೊಂದರಿಂದಲೇ ಬಡಾವಣೆ ಸಕ್ರಮವಾಗುವುದಿಲ್ಲ, ಬ್ಯಾಂಕುಗಳ ಹಿಂಜರಿಕೆಯೂ ಕರಗುವುದಿಲ್ಲ.

ಖಾನಾಪುರದಲ್ಲಿ

ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿ, ಮಲಪ್ರಭಾ ನದಿಯ ದಡದಲ್ಲಿರುವ ಖಾನಾಪುರ ಪಟ್ಟಣ ಪಂಚಾಯಿತಿಯ ಊರು. ನಿತ್ಯ ರೈಲು-ಬಸ್ಸುಗಳಲ್ಲಿ ಬೆಳಗಾವಿಗೆ ಕೆಲಸಕ್ಕೆ ಹೋಗಿಬರುವ ಕುಟುಂಬಗಳು ಇಲ್ಲಿವೆ. ಅವರ ಸಾಲ ಬೆಳಗಾವಿಯ ಶಾಖೆಯಲ್ಲಿ, ಮನೆ ಖಾನಾಪುರದಲ್ಲಿ. ಇಲ್ಲಿನ ಮುಖ್ಯ ಸಮಸ್ಯೆ ಹೋಲಿಕೆಯ ಕೊರತೆ. ವರ್ಷಕ್ಕೆ ಬೆರಳೆಣಿಕೆಯ ಮನೆಗಳು ಮಾತ್ರ ಕೈಬದಲಾಗುವ ಓಣಿಯಲ್ಲಿ ಮೌಲ್ಯಮಾಪಕರಿಗೆ ಸಿಗುವುದು ಹಳೆಯ ಮಾರಾಟ, ಕುಟುಂಬದೊಳಗಿನ ಹಕ್ಕು ಬಿಡುಗಡೆ, ಅಥವಾ ಮಾರ್ಗಸೂಚಿ ಬೆಲೆ. ಹಕ್ಕು ಬಿಡುಗಡೆ ಪತ್ರದಲ್ಲಿ ನಮೂದಾದ ಮೊತ್ತ ಮಾರುಕಟ್ಟೆಯ ವ್ಯವಹಾರವಲ್ಲ. ವರದಿಯಲ್ಲಿ ಅದನ್ನೇ ಹೋಲಿಕೆಯಾಗಿ ಬಳಸಿದ್ದರೆ ಆಕ್ಷೇಪಕ್ಕೆ ಗಟ್ಟಿಯಾದ ಕಾರಣವಿದೆ.

ಖಾನಾಪುರದ ಮಣ್ಣು ಹೆಂಚು ಮತ್ತು ಕುಂಬಾರಿಕೆಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇಲ್ಲಿಯೇ ಇದೆ. ಹೆಂಚಿನ ಮಾಡು, ದಪ್ಪ ಗೋಡೆಗಳ ಮನೆಗಳು ಈ ಮಳೆಸೀಮೆಗೆ ಹೊಂದುವಂಥವು. ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಇವುಗಳ ಆಯುಷ್ಯ ಆರ್‌ಸಿಸಿ ಕಟ್ಟಡಕ್ಕಿಂತ ಕಡಿಮೆ, ಸವಕಳಿ ಹೆಚ್ಚು. ಮಾಡು, ಮರ, ವಿದ್ಯುತ್ ಜೋಡಣೆಗಳನ್ನು ಇತ್ತೀಚೆಗೆ ನವೀಕರಿಸಿದ್ದರೆ ಅದರ ಬಿಲ್ಲುಗಳೂ ಛಾಯಾಚಿತ್ರಗಳೂ ಸವಕಳಿಯ ಪ್ರಮಾಣವನ್ನು ಪ್ರಶ್ನಿಸಲು ನೆರವಾಗುತ್ತವೆ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗಳಿಗೆ ಇ-ಸ್ವತ್ತು ತಂತ್ರಾಂಶದಿಂದ ಪಡೆದ ನಮೂನೆ 9 ಮತ್ತು 11 ಮುಖ್ಯ ದಾಖಲೆಗಳು. ಗ್ರಾಮಠಾಣದೊಳಗಿನ ಮನೆಗೂ, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆಯಾದ ಭೂಮಿಯ ಮನೆಗೂ, ಪರಿವರ್ತನೆಯಾಗದ ಭೂಮಿಯ ಮನೆಗೂ ಬ್ಯಾಂಕಿನ ದೃಷ್ಟಿಯಲ್ಲಿ ಅಜಗಜಾಂತರ. ತಾಲ್ಲೂಕಿನ ಪಶ್ಚಿಮ ಭಾಗದ ಹಲವು ಗ್ರಾಮಗಳು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳಲ್ಲಿ ಸೇರಿರುವುದು, ಭೀಮಗಡ ವನ್ಯಜೀವಿಧಾಮ ಸಮೀಪದಲ್ಲಿರುವುದು ಸಹ ಕೊಳ್ಳುವವರ ಸಂಖ್ಯೆಯನ್ನೂ ಆ ಮೂಲಕ ಬೆಲೆಯನ್ನೂ ಪ್ರಭಾವಿಸುತ್ತವೆ.

ಮರುಪರಿಶೀಲನೆ ಕೋರುವ ಕ್ರಮ

ಮೊದಲ ಹೆಜ್ಜೆ ವರದಿಯ ಪ್ರತಿ ಪಡೆಯುವುದು. ವರದಿ ಬ್ಯಾಂಕಿಗಾಗಿ ಸಿದ್ಧವಾದುದೆಂದು ಶಾಖೆಗಳು ಕೊಡಲು ಹಿಂಜರಿಯುವುದುಂಟು. ಶುಲ್ಕ ತೆತ್ತವರು ಸಾಲಗಾರರೇ ಆದ್ದರಿಂದ ಲಿಖಿತವಾಗಿ ಕೇಳುವುದು ಯುಕ್ತ; ಪ್ರತಿ ಸಿಗದಿದ್ದರೂ ಅದರಲ್ಲಿರುವ ವಿಸ್ತೀರ್ಣ, ವಯಸ್ಸು, ನಿವೇಶನದ ದರ ಮತ್ತು ಹೋಲಿಕೆಯ ಮಾರಾಟಗಳ ವಿವರವನ್ನಾದರೂ ಕೇಳಬೇಕು. ಸಾರ್ವಜನಿಕ ವಲಯದ ಬ್ಯಾಂಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸುವ ಅವಕಾಶವಿದೆ, ಆದರೆ ಬ್ಯಾಂಕು ಆ ಕಾಯ್ದೆಯ 8ನೇ ಕಲಮಿನ ವಿನಾಯಿತಿಗಳನ್ನು ಮುಂದಿಡಬಹುದು. 2024ರ ಅಕ್ಟೋಬರ್ 1ರ ನಂತರ ಮಂಜೂರಾಗುವ ಚಿಲ್ಲರೆ ಸಾಲಗಳಿಗೆ ಕೊಡಬೇಕಾದ ಮುಖ್ಯಾಂಶ ಪತ್ರದಲ್ಲಿ ಮೌಲ್ಯಮಾಪನ ಶುಲ್ಕವನ್ನು ತೋರಿಸಲೇಬೇಕು.

ವರದಿಯಲ್ಲಿ ಮೊದಲು ನೋಡಬೇಕಾದುದು ಅಂತಿಮ ಮೊತ್ತವನ್ನಲ್ಲ, ಅದಕ್ಕೆ ಆಧಾರವಾದ ವಿವರಗಳನ್ನು: ಸಿ.ಟಿ.ಎಸ್. ಸಂಖ್ಯೆ, ಚೆಕ್ಕುಬಂದಿ, ರಸ್ತೆಯ ಅಗಲ, ಮೂಲೆ ನಿವೇಶನ ಹೌದೋ ಅಲ್ಲವೋ, ಮಹಡಿಗಳ ಸಂಖ್ಯೆ, ಕಟ್ಟಡ ಪೂರ್ಣಗೊಂಡ ವರ್ಷ. ತಪ್ಪು ಇಲ್ಲಿದ್ದರೆ ಕೆಲಸ ಸುಲಭ. ಮೊದಲ ವಿದ್ಯುತ್ ಸಂಪರ್ಕದ ದಾಖಲೆ, ಪಾಲಿಕೆಯ ತೆರಿಗೆ ರಶೀದಿ, ಕಟ್ಟಡ ಪರವಾನಗಿ ಇವು ಮನೆಯ ವಯಸ್ಸನ್ನು ಸಾಬೀತುಪಡಿಸುತ್ತವೆ. ಸಿಟಿ ಸರ್ವೆ ಕಚೇರಿಯ ಆಸ್ತಿ ಕಾರ್ಡು ವಿಸ್ತೀರ್ಣವನ್ನು.

ನಿವೇಶನದ ದರವನ್ನು ಪ್ರಶ್ನಿಸಬೇಕಾದರೆ ಇತ್ತೀಚಿನ ನೋಂದಾಯಿತ ಮಾರಾಟಗಳು ಬೇಕು. ನೆರೆಯವರ ಮಾತು, ಮಧ್ಯವರ್ತಿಯ ಅಂದಾಜು, ಅಂತರ್ಜಾಲದ ಜಾಹೀರಾತಿನ ಬೆಲೆ ಇವುಗಳಿಗೆ ಬ್ಯಾಂಕಿನಲ್ಲಿ ತೂಕವಿಲ್ಲ. ನೋಂದಾಯಿತ ಕ್ರಯಪತ್ರಗಳು ಗುಟ್ಟಿನ ದಾಖಲೆಗಳಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿ ಪತ್ರಗಳಿರುವ 1ನೇ ಪುಸ್ತಕವನ್ನು ಶುಲ್ಕ ನೀಡಿ ಯಾರು ಬೇಕಾದರೂ ಪರಿಶೀಲಿಸಬಹುದು, ದೃಢೀಕೃತ ನಕಲು ಪಡೆಯಬಹುದು. ಉಪನೋಂದಣಾಧಿಕಾರಿ ಕಚೇರಿಯಲ್ಲಾಗಲಿ ಕಾವೇರಿ ಜಾಲತಾಣದಲ್ಲಾಗಲಿ ಪಡೆದ ಋಣಭಾರ ಪ್ರಮಾಣಪತ್ರದಲ್ಲಿ ವ್ಯವಹಾರದ ಮೊತ್ತವೂ ಇರುತ್ತದೆ. ಅದೇ ಬಡಾವಣೆಯ, ಸಮಾನ ಅಳತೆಯ, ಕಳೆದ ಒಂದು ವರ್ಷದೊಳಗಿನ ಮೂರು ಮಾರಾಟಗಳು ಮೂವತ್ತು ಪುಟಗಳ ಮನವಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಮನವಿಯನ್ನು ಶಾಖಾ ವ್ಯವಸ್ಥಾಪಕರಿಗೆ ಅಥವಾ ಸಾಲ ಸಂಸ್ಕರಣಾ ಕೇಂದ್ರಕ್ಕೆ ಸಲ್ಲಿಸಬೇಕು. ಮೌಲ್ಯಮಾಪಕರನ್ನು ನೇರವಾಗಿ ಸಂಪರ್ಕಿಸಿ ಒತ್ತಡ ಹಾಕುವುದು ವರದಿಯ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆ, ಅರ್ಜಿಯ ಬಗ್ಗೆ ಸಂಶಯವನ್ನೂ ಹುಟ್ಟಿಸುತ್ತದೆ. ಬ್ಯಾಂಕು ಅದೇ ಮೌಲ್ಯಮಾಪಕರಿಂದ ಸ್ಪಷ್ಟನೆ ಕೇಳಬಹುದು, ಅಥವಾ ತನ್ನ ಪಟ್ಟಿಯ ಇನ್ನೊಬ್ಬರಿಂದ ಎರಡನೆಯ ವರದಿ ತರಿಸಬಹುದು. ಅದರ ಶುಲ್ಕ ಸಾಮಾನ್ಯವಾಗಿ ಸಾಲಗಾರರದೇ. ಸಾಲಗಾರರು ಸ್ವತಃ ಮಾಡಿಸಿದ ವರದಿ ಬ್ಯಾಂಕನ್ನು ಬದ್ಧಗೊಳಿಸುವುದಿಲ್ಲ. ಎರಡನೆಯ ಅಂದಾಜು ಮೊದಲಿನದಕ್ಕಿಂತ ಕಡಿಮೆ ಬರುವ ಸಾಧ್ಯತೆಯನ್ನೂ ನೆನಪಿಡಬೇಕು.

ದೂರು ವ್ಯವಸ್ಥೆ

ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬ್ಯಾಂಕು ಲಿಖಿತವಾಗಿ ತಿಳಿಸಬೇಕು ಎಂಬುದು ನ್ಯಾಯಸಮ್ಮತ ವ್ಯವಹಾರ ಸಂಹಿತೆಯ ಅಂಶ. ಬ್ಯಾಂಕಿಗೆ ಸಲ್ಲಿಸಿದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ನೀಡಬಹುದು. ಆದರೆ 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯು ಬ್ಯಾಂಕಿನ ವಾಣಿಜ್ಯ ನಿರ್ಧಾರಗಳ ವಿರುದ್ಧದ ದೂರುಗಳನ್ನು ಹೊರಗಿಟ್ಟಿತು. ಆದ್ದರಿಂದ ‘ನನ್ನ ಮನೆಗೆ ಇನ್ನೂ ಹೆಚ್ಚು ಬೆಲೆಯಿದೆ’ ಎಂಬ ದೂರು ನಿಲ್ಲುವುದು ಕಷ್ಟ. ತಿಳಿಸದೆ ಶುಲ್ಕ ಪಡೆದರು, ಕಾರಣ ಬರೆದು ಕೊಡಲಿಲ್ಲ, ದಾಖಲೆ ಕೊಟ್ಟರೂ ಪರಿಶೀಲಿಸಲಿಲ್ಲ ಎಂಬಂತಹ ಸೇವಾಲೋಪದ ದೂರಿಗೆ ಆಧಾರವಿದೆ. ವಸತಿ ಹಣಕಾಸು ಕಂಪನಿಗಳ ವಿರುದ್ಧದ ದೂರುಗಳು ರಾಷ್ಟ್ರೀಯ ವಸತಿ ಬ್ಯಾಂಕಿಗೆ ಹೋಗುತ್ತವೆ. ಬೆಳಗಾವಿ ಭಾಗದಲ್ಲಿ ಪ್ರಬಲವಾಗಿರುವ ಪತ್ತಿನ ಸಹಕಾರ ಸಂಘಗಳು ಮತ್ತು 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿಯ ಪತ್ತಿನ ಸಹಕಾರಿಗಳು ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ಮನೆಯ ಮೌಲ್ಯಮಾಪನ ವರದಿಯ ಪ್ರತಿಯನ್ನು ಸಾಲ ಅಂತಿಮಗೊಳ್ಳುವ ಮೊದಲೇ ಅರ್ಜಿದಾರರಿಗೆ ಉಚಿತವಾಗಿ ಕೊಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. 2024ರ ಜುಲೈನಲ್ಲಿ ಅಲ್ಲಿನ ಐದು ಒಕ್ಕೂಟ ನಿಯಂತ್ರಣ ಸಂಸ್ಥೆಗಳು ಮೌಲ್ಯದ ಮರುಪರಿಶೀಲನೆ ಕುರಿತು ಜಂಟಿ ಮಾರ್ಗದರ್ಶನ ಪ್ರಕಟಿಸಿದವು. ಅಲ್ಲಿಯೂ ಸಾಲಗಾರರು ತೋರಿಸಬೇಕಾದುದು ವಾಸ್ತವಾಂಶದ ತಪ್ಪು, ಬಿಟ್ಟುಹೋದ ಹೋಲಿಕೆ ಅಥವಾ ತಾರತಮ್ಯ. ಕೇವಲ ಅಸಮಾಧಾನ ಸಾಲದು.

ಪರ್ಯಾಯಗಳು

ಮರುಪರಿಶೀಲನೆ ಫಲಿಸದಿದ್ದರೆ ಕೊರತೆಯ ಮೊತ್ತವನ್ನು ಭಾಗಶಃ ಪಾವತಿಸಿ ವರ್ಗಾವಣೆ ಮುಂದುವರಿಸಬಹುದು. ವೈಯಕ್ತಿಕ ಸಾಲ ತೆಗೆದು ಆ ಕೊರತೆ ತುಂಬಿದರೆ ಉಳಿಸಿದ ಬಡ್ಡಿ ಅಲ್ಲಿಯೇ ಕರಗುತ್ತದೆ. ಟಾಪ್-ಅಪ್ ಸಾಲವನ್ನೂ ಕೇಳಿದ್ದರೆ ಅದನ್ನು ಕೈಬಿಟ್ಟಾಗ ಬಾಕಿ ಸಾಲವೊಂದೇ ಮಿತಿಯೊಳಗೆ ಬರುವುದುಂಟು. ಬೇರೆ ಮೌಲ್ಯಮಾಪಕರ ಪಟ್ಟಿಯಿರುವ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕುವುದೂ ಸಾಧ್ಯ, ಆದರೆ ಪ್ರತಿ ಅರ್ಜಿಗೂ ಶುಲ್ಕವಿದೆ.

ಹಲವರು ಕೊನೆಗೆ ಯೋಚಿಸುವ, ಮೊದಲೇ ಯೋಚಿಸಬೇಕಾದ ದಾರಿಯೆಂದರೆ ಹಳೆಯ ಬ್ಯಾಂಕಿನಲ್ಲೇ ಬಡ್ಡಿ ಇಳಿಸಿಕೊಳ್ಳುವುದು. ಹಳೆಯ ದರಪದ್ಧತಿಯಲ್ಲಿ ಉಳಿದುಕೊಂಡ ಸಾಲವನ್ನು ಪರಿವರ್ತನಾ ಶುಲ್ಕ ನೀಡಿ ಬಾಹ್ಯ ಮಾನದಂಡದ ದರಕ್ಕೆ ಬದಲಾಯಿಸಲು ಸಾಮಾನ್ಯವಾಗಿ ಹೊಸ ಮೌಲ್ಯಮಾಪನವಾಗಲಿ ಅಡಮಾನ ಪತ್ರದ ಹೊಸ ನೋಂದಣಿಯಾಗಲಿ ಬೇಕಿಲ್ಲ. ಇನ್ನೊಂದು ಬ್ಯಾಂಕಿನಿಂದ ಬಂದ ಮಂಜೂರಾತಿ ಪತ್ರ, ಮೊತ್ತ ಕಡಿಮೆಯಿದ್ದರೂ, ಈ ಮಾತುಕತೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಸಾಲ ಪೂರ್ಣ ತೀರಿದ ಮೇಲೆ ಮೂಲಪತ್ರಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ನೀಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿರ್ದೇಶನ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.